ತಾಯಿಯನ್ನು ಕರೆತನ್ನಿ ಎಂದ ಮಂಡಳಿಗೆ

ಮಾನ್ಯ ಅಧ್ಯಕ್ಷರೇ,

ಜಿಲ್ಲಾ ಅಂಗವೈಕಲ್ಯ ತಪಾಸಣಾ ಮಂಡಳಿಯ ಕುರ್ಚಿಯಲ್ಲಿ ಕುಳಿತು ಕಳೆದ ಬುಧವಾರ ತಾವು ನನ್ನನ್ನು ಗುಣಪಡಿಸಿದಿರಿ. ಅರವತ್ತಾರು ವರ್ಷ ನನ್ನೊಳಗೆ ಬಾಳಿದ ಆಟಿಸಂ, ತಾವು ಚಹಾದ ಕಪ್ಪು ಕೆಳಗಿಡುವಷ್ಟರಲ್ಲಿ ಇಲ್ಲವಾಯಿತು. ಇಂಥ ಪವಾಡಕ್ಕೆ ಕಾಲೇಜಿನಲ್ಲಿ ಒಂದು ಒಳ್ಳೆಯ ಇಂಗ್ಲಿಷ್ ಮಾತು ಕಲಿತಿದ್ದೆ, ಈಗ ಮರೆತುಹೋಗಿದೆ. 'ಐ ಬೆಗ್ ಟು ಸ್ಟೇಟ್' ಎಂಬುದಷ್ಟೇ ಉಳಿದಿದೆ. ಅದರಲ್ಲಿ ಬೇಡುವುದೇ ಮೊದಲು ಬರುವುದರಿಂದ ಇಲ್ಲಿ ಬಳಸುತ್ತಿಲ್ಲ. ನಾನು ಬೇಡಲು ಬರೆಯುತ್ತಿಲ್ಲ.

ತಮ್ಮ ತೀರ್ಪು ಊರಿಗೂ ತಿಳಿಯಲಿ. ತಾವೆಂದದ್ದು: "ಏನ್ರೀ ಕಾಕಾ, ಮದುವಿ ಆಗೇದ, ಮಗಳಿದ್ದಾಳ, ಸಕ್ಕರಿ ಕಾರ್ಖಾನ್ಯಾಗ ನೌಕರಿ ಮುಗಿಸೀರಿ. ನಿಮಗೆಲ್ಲಿ ಆಟಿಸಂ? ಅದು ಸಣ್ಣ ಹುಡುಗರದು. ನನ್ನ ಕಣ್ಣಾಗ ಕಣ್ಣಿಟ್ಟು ಮಾತಾಡ್ಲಿಕತ್ತೀರಿ ನೋಡ್ರಿ!" ಪಕ್ಕದ ಡಾಕ್ಟರು ನಕ್ಕರು. ಹೆಂಡತಿ ತೀರಿಕೊಂಡ ದುಃಖ ಎಂದು ತಾವು ಷರಾ ಬರೆದಿರಿ. ಸ್ವಾಮಿ, ನಾನು ನಿಮ್ಮ ಕಣ್ಣನ್ನು ನೋಡುತ್ತಿರಲೇ ಇಲ್ಲ. ಹುಬ್ಬುಗಳ ನಡುವೆ ನಿಮಗೊಂದು ನರೂಲಿ ಇದೆ, ಅದನ್ನು ನೋಡುತ್ತಿದ್ದೆ. ಹಾಗೆ ನೋಡಲು ಕಲಿಸಿದವಳು ನನ್ನ ಹೆಂಡತಿ ಕುಮುದ. ನಲವತ್ತು ವರ್ಷ ಅವಳು ಪಟ್ಟ ಶ್ರಮವನ್ನು ತಾವು ನನ್ನ ಆರೋಗ್ಯವೆಂದು ದಾಖಲಿಸಿದಿರಿ.

ಕುಮುದಳ ಪಾಠಶಾಲೆ ಎಲ್ಲಿ ಶುರುವಾಯಿತೆಂದು ಹೇಳುತ್ತೇನೆ, ತಾವಂತೂ ಕೇಳಲಿಲ್ಲ. ಅವಳ ತಂಗಿ ಮಾಲತಿಯ ಮದುವೆಯಲ್ಲಿ ಹಿರಿಯ ಅಳಿಯನೆಂದು ನನ್ನ ಕೈಗೆ ಜಿಲೇಬಿಯ ತಾಟು ಕೊಟ್ಟರು. ಗಂಡಿನ ಕಡೆಯವರ ಪಂಕ್ತಿ. ಮೊದಲನೆಯವರು ಬೇಡ ಎಂದರು, ಮುಂದೆ ಹೋದೆ. ಎರಡನೆಯವರೂ ಬೇಡ ಎಂದರು. ಹೀಗೆ ಪಂಕ್ತಿಯ ಕೊನೆ ಮುಟ್ಟಿ, ತುಂಬಿದ ತಾಟನ್ನು ಅಡುಗೆಯವರಿಗೆ ಮರಳಿಸಿ, "ಯಾರಿಗೂ ಬ್ಯಾಡಂತ" ಎಂದೆ. ಬೀಗರು ಎಲೆ ಬಿಟ್ಟು ಏಳುವುದೊಂದು ಬಾಕಿ. ಕುಮುದ ಹಿತ್ತಲಿಗೆ ಎಳೆದುಕೊಂಡು ಹೋಗಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಹೇಳಿದಳು: "ಒಮ್ಮೆ ಬ್ಯಾಡ ಅಂದ್ರ ಎರಡು ಹಾಕ್ರಿ. ಎಲಿಗೆ ಕೈ ಅಡ್ಡ ಇಟ್ರ ಒಂದು ಹಾಕ್ರಿ. ನಿಮ್ಮ ಕೈ ಗಟ್ಟಿ ಹಿಡದ್ರಷ್ಟ ಬಿಡ್ರಿ." ಇದನ್ನು ಮೊದಲೇ ಯಾರೂ ಯಾಕೆ ಹೇಳಿರಲಿಲ್ಲ? ಅಲ್ಲಿಂದ ಮುಂದೆ ಯಾರು ಅಂದದ್ದರ ಅರ್ಥ ಏನು, ಎಲ್ಲಿ ನಗಬೇಕು, ಯಾವಾಗ ಮನೆಗೆ ಹೊರಡಬೇಕು, ಎಲ್ಲ ಅವಳೇ ಹೇಳಿಕೊಟ್ಟಳು. ನಾನು ಮಾಡಿದೆ. ಜನ ನನ್ನನ್ನು ಗಂಭೀರ ಸ್ವಭಾವದವನು ಎಂದರು.

ಹೋದ ಭಾದ್ರಪದದಲ್ಲಿ ಕುಮುದ ಹೋದಳು. ಕೃಷ್ಣೆಯ ಘಾಟಿನಲ್ಲಿ ಹತ್ತನೆಯ ದಿನದ ಪಿಂಡ ಇಟ್ಟೆವು. ಕಾಗೆ ಮುಟ್ಟಲಿಲ್ಲ. ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಮಾತು ಕೊಡುವುದು ನಮ್ಮಲ್ಲಿ ಪದ್ಧತಿ; ತಮ್ಮ ಮನೆಯಲ್ಲೂ ಇದ್ದೀತು. ಮಾಲತಿ ಕೈಮುಗಿದು, "ಅಕ್ಕಾ, ಅನುಜಾನ ಬಾಣಂತನ ನಾ ಮಾಡ್ತೀನಿ, ಬಾರವ್ವಾ" ಎಂದಳು. ಅನುಜಾ ನಮ್ಮ ಒಬ್ಬಳೇ ಮಗಳು, ಆಗ ಬಸುರಿ. ಕಾಗೆ ಕಟ್ಟೆಯ ಮೇಲೆ ಕುಳಿತು ಬೇರೆ ಕಡೆ ನೋಡಿತು. ಎಲ್ಲರೂ ನನ್ನ ಕಡೆ ತಿರುಗಿದರು.

"ಭಾವೋಜಿ, ಹೇಳ್ರಿ. ಇನ್ನ ಮುಂದ ಎಲ್ಲಾರ ಜೊತಿ ನಕ್ಕೋತ, ಮಾತಾಡ್ಕೋತ ಇರ್ತೀನಿ ಅಂತ ಹೇಳ್ರಿ. ಅಕ್ಕಗ ಅದ ಚಿಂತಿ ಇತ್ತು."

"ಅದು ನನ್ನ ಕೈಲೆ ಆಗೂದಿಲ್ಲ, ಮಾಲೂ."

"ಸುಮ್ಮನ ಅನ್ರೀ ಅಂದ್ರ!"

"ಆಗದ್ದನ್ನ ಕುಮುದಗ ಹೆಂಗ ಹೇಳ್ಲಿ? ಪಿತೃಪಕ್ಷ ಅದ, ಮನಿ ಮನಿ ಮಾಳಿಗಿ ಮ್ಯಾಲೆ ಎಡಿ ಇಟ್ಟಾರ. ಕಾಗಿ ಹೊಟ್ಟಿ ತುಂಬೇದ, ಅಷ್ಟ."

ಕಡೆಗೆ ಭಟ್ಟರು ದರ್ಭೆಯ ಕಾಗೆ ಮಾಡಿ ಪಿಂಡಕ್ಕೆ ಮುಟ್ಟಿಸಿದರು. ಅನುಜಾ ಮೆಟ್ಟಿಲು ಹತ್ತುತ್ತಾ ತಿರುಗಿ, "ಬಾಬಾ, ಆಯಿ ಸಲುವಾಗಿ ಒಂದು ಸುಳ್ಳು ಮಾತು ಹೊರಡಲಿಲ್ಲ ನಿಮ್ಮ ಬಾಯಾಗಿಂದ" ಎಂದಳು. ನಿಜ, ಹೊರಡಲಿಲ್ಲ. ಬದುಕಿದ್ದಾಗ ಅವಳಿಗೆ ಒಂದೂ ಸುಳ್ಳು ಹೇಳದವನು ಪಿಂಡದ ಮುಂದೆ ಶುರು ಮಾಡಬೇಕಿತ್ತೇ? ಅಂದಿನಿಂದ ಮಗಳು ಮನೆಗೆ ಬಂದಿಲ್ಲ. ಮೊಮ್ಮಗಳು ಹುಟ್ಟಿದ ಸುದ್ದಿಯನ್ನು ಹಾಲಿನವನು ಹೇಳಿದ.

ನಿದ್ದೆ ಬಾರದೆ ಪುಣೆಗೆ ಹೋದೆ. ಅಲ್ಲೊಬ್ಬ ಮನಃಶಾಸ್ತ್ರಜ್ಞೆ, ನಮ್ಮ ಕಡೆಯವಳೇ, ನನ್ನ ಮಗಳ ವಯಸ್ಸಿನವಳು, ಹಲವು ಭೇಟಿಗಳಲ್ಲಿ ಯಾರೂ ಕೇಳದ್ದನ್ನು ಕೇಳಿದಳು. ಕುಕ್ಕರಿನ ಸೀಟಿ ಕಿವಿಗೆ ಹೇಗೆ ಕೇಳುತ್ತದೆ? ಹೊಸ ಅಂಗಿಯ ಕೊರಳಪಟ್ಟಿ? ಹೆಂಡತಿ ಜೊತೆಗಿಲ್ಲದ ಸಮಾರಂಭ? ಕೊನೆಗೆ, "ಕಾಕಾ, ನೀವು ಕಲ್ಲು ಮನಸಿನವರಲ್ಲ. ನಿಮಗ ಆಟಿಸಂ ಅದ, ಹುಟ್ಟಿದಾಗಿಂದ" ಎಂದಳು. ಬಸ್‌ಸ್ಟ್ಯಾಂಡಿನಲ್ಲಿ ಕುಳಿತು ಅತ್ತೆ. ದುಃಖಕ್ಕಲ್ಲ. ಮೇಷ್ಟ್ರು, ಸೋದರಮಾವ, ಕಾರ್ಖಾನೆಯ ಮ್ಯಾನೇಜರು ನನಗೆ ಇಟ್ಟ ಹೆಸರುಗಳೆಲ್ಲ ಒಂದೊಂದಾಗಿ ಕಳಚಿ ಬಿದ್ದವು: ಸೊಕ್ಕಿನವ, ಹುಚ್ಚ, ಮೂಕಬಸಪ್ಪ. ಮರುಗಳಿಗೆ ಸಿಟ್ಟು ಬಂತು. ಇಷ್ಟು ತಡವಾಗಿಯೇ? ಕುಮುದ ಇದ್ದಾಗ ಯಾಕಿಲ್ಲ? ಅವಳಿಗೆ ಹೇಳಬಹುದಿತ್ತಲ್ಲ, ನೋಡು, ನೀನು ಊಹಿಸಿದ್ದಕ್ಕೆ ಒಂದು ಹೆಸರಿದೆ ಎಂದು.

ಅನುಜಾಗೆ ಫೋನು ಮಾಡಿದೆ. "ಬಾಬಾ, ಪುಣೆದಾಗ ಯಾವ ರೋಗಕ್ಕ ಬೇಕಾದ್ರೂ ಚೀಟಿ ಸಿಗ್ತದ. ಸರಕಾರಿ ಡಾಕ್ಟರು ಹೇಳ್ಲಿ, ಆಗ ನಂಬ್ತೀನಿ" ಎಂದು ಇಟ್ಟುಬಿಟ್ಟಳು. ಆದ್ದರಿಂದ ತಮ್ಮ ಬಾಗಿಲಿಗೆ ಬಂದೆ. ಬಸ್ಸಿನ ರಿಯಾಯಿತಿಗಲ್ಲ, ಮಾಸಾಶನಕ್ಕಲ್ಲ. ನನ್ನ ಮಗಳ ಕಣ್ಣಲ್ಲಿ ತಾವು ದೊಡ್ಡವರು ಎಂಬ ಒಂದೇ ಕಾರಣಕ್ಕೆ.

ಮತ್ತೆ ತಾವು ಏನೆಂದಿರಿ? "ಸಣ್ಣವರಿದ್ದಾಗ ನಿಮ್ಮನ್ನ ಕಂಡವರನ್ನ ಕರ್ಕೊಂಡು ಬರ್ರಿ. ನಿಮ್ಮ ತಾಯಿನ್ನ ಕರ್ಕೊಂಡು ಬರ್ರಿ." ನನ್ನ ತಾಯಿ ಹೋಗಿ ಇಪ್ಪತ್ತೆರಡು ವರ್ಷ. ಅವಳನ್ನು ಕರೆಯಲು ನಮ್ಮಲ್ಲಿ ಇರುವುದು ಒಂದೇ ಉಪಾಯ, ಅದಕ್ಕೂ ಕಾಗೆ ಬೇಕು. ಕಾಗೆಗೂ ನನಗೂ ಸರಿಯಿಲ್ಲವೆಂದು ಮೇಲೆ ತಿಳಿಸಿದ್ದೇನೆ. ತಾಯಿ ಬದುಕಿದ್ದವರಿಗೆ ಮಾತ್ರ ಆಟಿಸಂ ಇರಬಹುದು ಎಂಬ ಈ ಸಂಶೋಧನೆ ತಮ್ಮದೋ, ಮೇಲಿನಿಂದ ಬಂದದ್ದೋ? ಮುದುಕರಾದೊಡನೆ ನಾವು ಅದನ್ನು ಸರಕಾರಕ್ಕೆ ಮರಳಿ ಒಪ್ಪಿಸಬೇಕೋ?

ಸಾಕು. ನನ್ನ ಬೇಡಿಕೆ ಇದು. ನನ್ನನ್ನು ಮತ್ತೆ ಕರೆಯಿರಿ, ಕುಳ್ಳಿರಿಸಿ, ಪೂರ್ತಿ ಕೇಳಿ. ಸಾಕ್ಷಿ ಬೇಕೆಂದರೆ ನನ್ನ ಮಗಳಿಗೆ ಸಮನ್ಸ್ ಕಳಿಸಿ. ನಾನು ಕರೆದರೆ ಬಾರಳು; ಸರಕಾರ ಕರೆದರೆ ಬರುತ್ತಾಳೆ. ಅವಳನ್ನು ನನ್ನ ಎದುರು ಕೂರಿಸಿ ಒಂದೇ ಪ್ರಶ್ನೆ ಕೇಳಿ: ಚಿಕ್ಕವಳಿದ್ದಾಗ ಕುಕ್ಕರು ಸೀಟಿ ಹೊಡೆಯುವ ಮುಂಚೆ ಅಡುಗೆಮನೆಯಿಂದ ಓಡಿಬಂದು ನಿನ್ನ ಪುಟ್ಟ ಅಂಗೈಗಳಿಂದ ಯಾರ ಕಿವಿ ಮುಚ್ಚುತ್ತಿದ್ದೆ, ಯಾಕೆ? ಅವಳಿಗೆ ಉತ್ತರ ಗೊತ್ತು. ಅದು ಉತ್ತರ ಎಂಬುದು ಗೊತ್ತಿಲ್ಲ.

ಭಾದ್ರಪದದಲ್ಲಿ ಕುಮುದಳ ವರ್ಷಾಂತಿಕ. ಆಗ ಘಾಟಿನಲ್ಲಿ ಎಲ್ಲರೂ ಮತ್ತೆ ನನ್ನ ಕಡೆ ತಿರುಗುತ್ತಾರೆ. ಈ ಸಲ ನನ್ನ ಬಳಿ ಒಂದು ಮಾತಿದೆ: "ಕುಮುದ, ಅನುಜಾಗ ತಿಳೀತು." ನಿಜವಾಗಿದ್ದರೆ ಮಾತ್ರ ಹೇಳಬಲ್ಲೆ. ಅದನ್ನು ನಿಜ ಮಾಡುವುದು ತಮ್ಮ ಕುರ್ಚಿಯ ಕೆಲಸ.

ಇಂತಿ,
ತಮ್ಮ ಷರಾದ ಪ್ರಕಾರ ಕೇವಲ ದುಃಖಿ,
ಕಾಗೆಗೂ ಸುಳ್ಳು ಹೇಳಲಾರದ
ಮುಕುಂದ ಬಾಳಕೃಷ್ಣ ಆಗಟೆ