ಅವಳ ಕ್ಯೂ, ನನ್ನ ಅಂಟು

ಶುಕ್ರವಾರ ರಾತ್ರಿ, ಕ್ರೀಡಾಗ್ರಾಮದ ಕೋಣೆ

ನಾಳೆ ಸ್ನೂಕರ್ ಸೆಮಿಫೈನಲ್. ನನ್ನ ಎದುರಾಳಿ ಪಕ್ಕದ ಮಂಚದಲ್ಲೇ ಗೊರಕೆ ಹೊಡೆಯುತ್ತಿದ್ದಾಳೆ. ಇಷ್ಟೊಂದು ದೇಶಗಳು ಬಂದಿರುವ ಕೂಟದಲ್ಲಿ ಒಂದೇ ತಂಡದ ನಾವಿಬ್ಬರೇ ಎದುರುಬದುರಾಗಬೇಕಿತ್ತೇ!

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಆದರೆ ಸಂಜೆ ಅಭ್ಯಾಸದಲ್ಲಿ ಅವಳ ಕ್ಯೂ ಕೋಲಿನ ತುದಿಯ, ಚೆಂಡಿಗೆ ತಾಗುವ ಚರ್ಮ ಕಿತ್ತುಬಂತು. ನೇರ ನನ್ನ ಹತ್ತಿರ ಬಂದಳು.

"ಅಕ್ಕಾ, ನೀವೇ ಅಂಟಿಸಿಕೊಡಿ. ನೀವು ಹಾಕಿದ್ದು ಅಲ್ಲಾಡಲ್ಲ."

"ನಾಳೆ ನಿನ್ನೆದುರು ಆಡೋದು ನಾನೇ ಕಣೇ!"

"ಅದಕ್ಕೇನೀಗ? ಆಟ ನಾಳೆ ತಾನೇ?"

ಕೋಚ್ ಸರ್ ಮುಖ ನೋಡಿದೆ. "ನಾಳೆ ನಾನು ಯಾರ ಕಡೇನೂ ಇಲ್ಲಮ್ಮ" ಎಂದು ಆ ಪುಣ್ಯಾತ್ಮರು ಜಾರಿಕೊಂಡರು.

ಒಲ್ಲೆ ಎಂದರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಅಂಟಿಸಿದ ಮೇಲೆ ಆಟದ ನಡುವೆ ಕಿತ್ತುಬಂದರೆ ಬೇಕೆಂದೇ ಮಾಡಿದಳು ಅನ್ನುತ್ತಾರೆ. ಬಾಯಲ್ಲಿಟ್ಟ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಕೊನೆಗೆ ಹಳೆಯ ಅಂಟು ಕೆರೆದು, ನನ್ನ ಫೈನಲ್‌ಗೆಂದು ಎತ್ತಿಟ್ಟಿದ್ದ ಒಳ್ಳೆಯ ಚರ್ಮವನ್ನೇ ಅಂಟಿಸಿದೆ. ದೊಡ್ಡಗುಣವೇನಲ್ಲ, ಹೆದರಿಕೆ.

ಕ್ಯೂ ನನ್ನ ಮಂಚಕ್ಕೆ ಒರಗಿ ಒಣಗುತ್ತಿದೆ. ಆಗಿನಿಂದ ಎದ್ದೆದ್ದು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೇನೆ. ಗಟ್ಟಿಯಾಗಿಯೇ ಇದೆ, ಆದರೂ ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ಅವಳೋ, ತನ್ನ ಚಿಂತೆಯನ್ನೆಲ್ಲ ನನ್ನ ಕೈಗೆ ಕೊಟ್ಟು ಮಗುವಿನ ಹಾಗೆ ಮಲಗಿದ್ದಾಳೆ.

ನಾಳೆ ಅವಳು ಮೇಜಿನ ಬಳಿ ಇರುವಷ್ಟು ಹೊತ್ತೂ ನಾನು ಕುರ್ಚಿಯಲ್ಲಿ ಕೈಕಟ್ಟಿ ಕೂತಿರಬೇಕು. ಆ ಕುರ್ಚಿಯಲ್ಲಿ ಕೂತವರೆಲ್ಲ ಎದುರಾಳಿಯ ಕೈ ತಪ್ಪಲಿ ಎಂದು ಬೇಡಿಕೊಳ್ಳುತ್ತಾರೆ. ನಾನು ಮಾತ್ರ ಅವಳ ಒಂದು ಹೊಡೆತವೂ ಜಾರದಿರಲಿ ದೇವರೇ ಎಂದು ಬೇಡಿಕೊಳ್ಳುತ್ತಲೇ ಸೋಲಬೇಕು.