ನಿಮ್ಮ ಹನ್ನೊಂದು ಸಾಲು

ಸಿಂಗಾಪುರ ಬಡಾವಣೆ, ಬೆಂಗಳೂರು
14 ಜುಲೈ 2024

ಸ್ನೇಹಾಳ ಅಪ್ಪನಿಗೆ ರಾಧಾಮಣಿಯ ನಮಸ್ಕಾರಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಕಾಗದ ಆರು ದಿನ ಬೀದಿಯೆಲ್ಲ ಸುತ್ತಿ ಈಗಷ್ಟೇ ನನ್ನ ಕೈಗೆ ವಾಪಸು ಬಂತು. ಜೈಲಿನಲ್ಲಿ ನಿಮಗೆ ಪಾಠ ಹೇಳುವ ನೂರೀನ್ ಮೇಡಂ ತಿಳಿಸಿದಂತೆ ದಪ್ಪ ಅಕ್ಷರದಲ್ಲಿ, ಸಾಲು ಬಿಟ್ಟು ಬರೆಯುತ್ತಿದ್ದೇನೆ. ನಿಧಾನವಾಗಿ ಓದಿ.

ನಲವತ್ತೊಂದನೇ ವಯಸ್ಸಿಗೆ ನಿಮ್ಮ ಕೈಯಿಂದಲೇ ಹನ್ನೊಂದು ಸಾಲು. ನನ್ನ ಹೆಸರನ್ನು ‘ರಾಮಧಾಣಿ’ ಎಂದು ಬರೆದು, ಹೊಡೆದುಹಾಕಿ, ಮತ್ತೆ ಸರಿಮಾಡಿದ್ದೀರಿ. ಉಳಿದ ತಪ್ಪುಗಳನ್ನು ತಿದ್ದಲು ಸ್ನೇಹಾ ಪೆನ್ನು ತಂದಳು. ನಾನು ಬಿಡಲಿಲ್ಲ.

ಕಳೆದ ಭಾನುವಾರ ಕೆಂಪಾಪುರದ ಮನೆಗೆ ಹೋಗಿ ಮೇಡಂ ಅವರನ್ನು ಕಂಡೆ. ನಿಮ್ಮದು ದಡ್ಡತನವಲ್ಲ, ಡಿಸ್ಲೆಕ್ಸಿಯಾ, ಡಾಕ್ಟರು ಪರೀಕ್ಷೆ ಮಾಡಿ ಬರೆದುಕೊಟ್ಟಿದ್ದಾರೆ ಎಂದರು. ಒಮ್ಮೆ ಕಿವಿಗೆ ಬಿದ್ದದ್ದನ್ನು ನೀವು ಮರೆಯುವುದಿಲ್ಲವಂತೆ, ಅಕ್ಷರಗಳು ಮಾತ್ರ ಕೂಡಿಬರುವುದಿಲ್ಲವಂತೆ. ಒಳಗೆ ಅಂಥವರು ಇನ್ನೂ ಎಷ್ಟೋ ಜನರಿದ್ದಾರೆ, ಯಾರೂ ವಿಚಾರಿಸಿಯೇ ಇರಲಿಲ್ಲ ಎಂದರು.

ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದ ಮಾವನವರಿಗೆ ಇದನ್ನೆಲ್ಲ ಹೇಳಿದೆ. "ಆ ಮಗೀನ ಸುಮ್‌ಸುಮ್ನೆ ಒಡೆದ್ನಲ್ಲಮ್ಮಾ" ಅಂದರು. ಮಾರನೇ ದಿನ ನಿಮ್ಮ ಕಾಗದವನ್ನು ಟೀ ಅಂಗಡಿಗೆ ಒಯ್ದು, ನನ್ನ ಮಗ ಬರೆದದ್ದು ಎಂದು ಎಲ್ಲರಿಗೂ ಓದಿಸಿದರಂತೆ. ನೀವು ಒಳಗೆ ಹೋದ ಮೇಲೆ ಹದಿನಾಲ್ಕು ತಿಂಗಳಿಂದ ಆ ಅಂಗಡಿಯ ಕಡೆ ತಲೆ ಹಾಕದವರು.

ಇಪ್ಪತ್ನಾಲ್ಕರ ಬುಧವಾರ ಜಾಮೀನು ಅರ್ಜಿ ವಿಚಾರಣೆಗೆ ಬರುತ್ತದೆ. ಗೋಡೌನಿನ ಮಾಲು ಕದ್ದೆ ಎಂದು ಬರೆದಿದ್ದ, ನೀವು ಸಹಿ ಹಾಕಿದ ಕಾಗದವನ್ನು ಓದಲು ನಿಮಗೆ ಬರುತ್ತಲೇ ಇರಲಿಲ್ಲ ಎಂದು ವಕೀಲರು ಡಾಕ್ಟರ ವರದಿ ಕೊಡುತ್ತಾರೆ. ಧೈರ್ಯವಾಗಿರಿ. ಊರಮ್ಮ ನಿಮ್ಮನ್ನು ಕಾಯಲಿ.

ನಿಮ್ಮ
ರಾಧಾಮಣಿ

ಇನ್ನೊಂದು ಮಾತು: ಇಷ್ಟು ದಿನ ನನ್ನ ಕಾಗದಗಳನ್ನು ನಿಮ್ಮ ಬ್ಯಾರಕ್ಕಿನ ರಹಮತುಲ್ಲಾ ಅವರು ಓದಿ ಹೇಳುತ್ತಿದ್ದರು. ಅದಕ್ಕೇ ಇದನ್ನು ಬರೆಯಲಾಗಲಿಲ್ಲ. ಯಶವಂತಪುರದ ಗೋಡೌನಿಗೆ ಅವತ್ತು ನನ್ನನ್ನೂ ಕರೆಸಿ, ಕಾಗದ ಮುಂದಿಟ್ಟು, "ಓದಕ್ ಬರತ್ತೇನಪ್ಪಾ?" ಎಂದು ಮ್ಯಾನೇಜರು ಕೇಳಿದಾಗ ನೀವು ನನ್ನ ಮುಖ ನೋಡಿದಿರಿ. ಅಷ್ಟು ಜನರೆದುರು ನಿಮಗೆ ಅವಮಾನವಾಗಬಾರದೆಂದು ನಾನೇ, "ಯಾಕ್ ಬರಲ್ಲ ಸಾರ್, ಎಸ್ಸೆಸ್ಸೆಲ್ಸಿ ಓದವ್ರೆ" ಅಂದೆ. ಕೆಲಸ ಬಿಡಿಸುವ ಕಾಗದವಿರಬೇಕು ಎಂದುಕೊಂಡು, ನಾನಾದರೂ ಇಸಕೊಂಡು ಓದಲಿಲ್ಲ. ನೀವು ಸಹಿ ಹಾಕಿದಿರಿ. ಇವತ್ತಿನವರೆಗೂ ನನ್ನ ಆ ಮಾತನ್ನು ನೀವು ಒಮ್ಮೆಯೂ ಎತ್ತಿಲ್ಲ. ವಕೀಲರಿಗೆ ಎಲ್ಲ ಹೇಳಿದ್ದೇನೆ. ಬುಧವಾರ ಕೇಳಿದರೆ ಕೋರ್ಟಿನಲ್ಲೂ ಹೇಳುತ್ತೇನೆ. ಅದಕ್ಕೆ ಮೊದಲು ಇದನ್ನು ನೀವೇ ಓದಿ ತಿಳಿಯಲಿ ಎಂದು ಬರೆದೆ.