ಚಕ್ಕೋತದ ಪಾಠ ನಿಮ್ಮ ಫೋನಿನಲ್ಲಿದೆ

ಶಿಕ್ಷಕರ ಇಂಗ್ಲಿಷ್ ತರಬೇತಿಯನ್ನು ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಕಚೇರಿಯ ಯಾವುದೋ ಒಂದು ಫೋನಿನಲ್ಲಿ ನನ್ನ ಹೆಂಡತಿ ಪ್ರಮೋದಾ ಪಾಠ ಮಾಡುತ್ತಿರುವ ವಿಡಿಯೊ ಇದೆ. ಅದರ ಪ್ರತಿ ಬೇಕೆಂದು ಎರಡು ಸಲ ಬಂದು ಕೇಳಿದೆ. ಅಂಥದ್ದೇನೂ ಇಲ್ಲ ಎಂದು ಎರಡು ಸಲವೂ ಹೇಳಿ ಕಳಿಸಿದಿರಿ. ಇದೆ ಎಂಬುದು ನನ್ನ ಗುಮಾನಿ. ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ದಿನಚರಿ ಬರೆದುಕೊಳ್ಳುವುದು ಬಿಟ್ಟರೆ ಯಾರಿಗೂ ಏನನ್ನೂ ಬರೆದವನಲ್ಲ. ನಿಮ್ಮ ಬಾಗಿಲಲ್ಲಿ ನಿಂತು ಹೇಳಲಾಗದ್ದನ್ನು ಪತ್ರಿಕೆಯಲ್ಲಿ ಹೇಳಬೇಕಾಗಿ ಬಂದಿದೆ.

ಪ್ರಮೋದಾ ದೇವನಹಳ್ಳಿ ತಾಲ್ಲೂಕಿನ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದಳು. ‘ಅವನು ನನಗೆ ಕೊಟ್ಟ’ ಎಂದು ಕನ್ನಡದಲ್ಲಿ ಹೇಳುವಾಗ ಯಾವ ಮಗುವೂ ತಪ್ಪುವುದಿಲ್ಲ. ಅದನ್ನೇ ಇಂಗ್ಲಿಷಿನಲ್ಲಿ ಹೇಳು ಎಂದರೆ ‘ಹಿಮ್ ಗಿವ್ ಐ’ ಎನ್ನುತ್ತಿದ್ದರು. ಐ, ಹಿ, ಶಿ ಎಲ್ಲಿ ಬರಬೇಕು, ಮಿ, ಹಿಮ್, ಹರ್ ಎಲ್ಲಿ ಬರಬೇಕು ಎಂಬುದು ಎಷ್ಟು ಬಾಯಿಪಾಠ ಮಾಡಿಸಿದರೂ ಹತ್ತಲಿಲ್ಲ. ಒಂದು ದಿನ ಅವಳು ನಮ್ಮ ಮರದ ಚಕ್ಕೋತ ಹಣ್ಣೊಂದನ್ನು ಶಾಲೆಗೆ ಒಯ್ದು, ಮಕ್ಕಳನ್ನು ಅಂಗಳದಲ್ಲಿ ಸುತ್ತ ನಿಲ್ಲಿಸಿದಳು. ಎಸೆಯುವವನು ಐ, ಹಿಡಿಯಬೇಕಾದವನು ಹಿಮ್. ಹಿಡಿದವನ ಕೈಗೆ ಹಣ್ಣು ಬಂತೋ, ಈಗ ಅವನೇ ಐ. ‘ಐ ಥ್ರೋ ಇಟ್ ಟು ಹರ್’ ಎಂದು ಕೂಗಿಯೇ ಎಸೆಯಬೇಕು.

ಊಟಕ್ಕೆ ಕುಳಿತಾಗ ಇದನ್ನೆಲ್ಲ ನನಗೆ ಹೇಳುತ್ತಿದ್ದಳು.

“ಆ ಭೀಮರಾಜ ‘ಮಿ ಥ್ರೋ’ ಅಂದ್ಬಿಟ್ಟ ಕಣ್ರೀ. ‘ಲೋ, ಹಣ್ಣು ಯಾರ ಕೈಲೈತೆ? ಕೈಲಿರೋಗಂಟ ನೀನು ಐ ಕಣೋ’ ಅಂದೆ. ಅದಕ್ಕವನು, ‘ಕೆಳಕ್ಕೆ ಬಿದ್ರೆ ಹಣ್ಣು ಏನಾಗ್ತದೆ ಮಿಸ್?’ ಅಂತಾನೆ.”

“ನೀನೇನಂದೆ?”

“‘ಹಣ್ಣು ಯಾವಾಗ್ಲೂ ಇಟ್ಟೇ ಕಣೋ. ಎಸೆದ್ರೂ ಇಟ್, ಹಿಡಿದ್ರೂ ಇಟ್. ನಿನ್ ಥರ ಗಳಿಗೆಗೊಂದು ವೇಷ ಹಾಕಲ್ಲ ಅದು’ ಅಂದೆ.”

ನಿಮ್ಮ ಕಡೆಯಿಂದ ಒಬ್ಬರು ತಪಾಸಣೆಗೆ ಬಂದರು. “ಏನ್ರೀ ಮೇಡಂ, ಇದು ಇಂಗ್ಲಿಷ್ ಕ್ಲಾಸೋ, ಹಣ್ಣಿನ ಮಂಡಿಯೋ?” ಎಂದು ಮಕ್ಕಳೆದುರಿಗೇ ಕೇಳಿದರಂತೆ. ತರಗತಿಯಲ್ಲಿ ಶಿಸ್ತಿಲ್ಲ ಎಂದು ಷರಾ ಬರೆದರು. ಮುಂದಿನ ಜೂನ್‌ನಲ್ಲಿ ಅವಳನ್ನು ಮತ್ತೆ ಕರೆಯಲಿಲ್ಲ. ಆದರೆ ಅವರು ಪಾಠವನ್ನು ಪೂರ್ತಿ ಫೋನಿನಲ್ಲಿ ಹಿಡಿದುಕೊಂಡರೆಂದು ಪ್ರಮೋದಾ ಅಂದೇ ಹೇಳಿದ್ದಳು. ಮುಖ್ಯೋಪಾಧ್ಯಾಯಿನಿ ಅಂಜಿನಮ್ಮನವರೂ ಅದನ್ನೇ ಹೇಳುತ್ತಾರೆ. ಶಿಸ್ತಿಲ್ಲವೆಂದು ತಿಳಿಯಲು ಒಂದು ಗಳಿಗೆ ನೋಡಿದರೆ ಸಾಲದೇ? ಮೊದಲಿನಿಂದ ಕೊನೆವರೆಗೆ ಯಾಕೆ ಹಿಡಿಯಬೇಕಿತ್ತು?

ಈ ವರ್ಷ ಯುಗಾದಿಗೆ ಮುಂಚೆ ಪ್ರಮೋದಾ ತೀರಿಕೊಂಡಳು. ಕಾಯಿಲೆಗೆ ನಿಮ್ಮನ್ನು ಹೊಣೆ ಮಾಡುತ್ತಿಲ್ಲ. ಅಷ್ಟು ನ್ಯಾಯ ನನಗೂ ಗೊತ್ತು.

ಅವಳ ತಂಗಿ ರಮ್ಯಶ್ರೀ ನೆಲಮಂಗಲದ ಕಡೆ ಶಿಕ್ಷಕಿ. ಹೋದ ತಿಂಗಳು ನಿಮ್ಮ ತರಬೇತಿಗೆ ಹೋಗಿದ್ದವಳು, ಮುಗಿದ ಕೂಡಲೇ ನೇರ ನಮ್ಮ ಮನೆಗೆ ಬಂದಳು.

“ಭಾವ, ಇದನ್ನ ನೋಡಿ. ನಮ್ಮಕ್ಕನ ಆಟ ಅಲ್ವಾ ಇದು? ಯಾರು ಮಾಡಿದ್ದು ಸರ್ ಅಂತ ಅಲ್ಲೇ ಕೇಳ್ದೆ. ‘ಮೇಲಿಂದ ಬಂದಿದ್ದು ಕಣಮ್ಮ, ಕೂತ್ಕೊಳ್ಳಿ’ ಅಂದ್ರು.”

ತನ್ನ ಫೋನಿನಲ್ಲಿ ಅವಳು ತೋರಿಸಿದ್ದು ನಿಮ್ಮ ಕಚೇರಿಯ ತರಬೇತಿ ವಿಡಿಯೊ. ಸ್ಟುಡಿಯೊದ ಬೆಳಕಲ್ಲಿ ಇಸ್ತ್ರಿ ಮಾಡಿದ ಸಮವಸ್ತ್ರದ ಮಕ್ಕಳು, ನಗುವ ಮೇಡಂ. ಕೆಳಗೆ ‘ಪರಿಣತರ ತಂಡದ ಹೊಸ ವಿಧಾನ’ ಎಂಬ ಅಕ್ಷರಗಳು.

ಒಂದೇ ಆಟ ಇಬ್ಬರಿಗೆ ಹೊಳೆಯಬಾರದೇ? ಹೊಳೆಯಬಹುದು. ನಾನೂ ಹಾಗೆಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಆ ಮಕ್ಕಳ ಕೈಯಲ್ಲಿದ್ದದ್ದು ಅಂಗೈಯಲ್ಲಿ ಅಡಗುವ ಪ್ಲಾಸ್ಟಿಕ್ ಚೆಂಡು. ಅದನ್ನು ಅವರು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು, ಮಂಡಿ ಬಗ್ಗಿಸಿ, ಎದೆಯಿಂದ ತಳ್ಳಿ ಎಸೆಯುತ್ತಾರೆ. ಮೇಡಂ ಹಾಗೇ ಎಸೆಯಲು ಹೇಳಿಕೊಡುತ್ತಾರೆ. ಅಷ್ಟು ಚಿಕ್ಕ ಚೆಂಡಿಗೆ ಇಷ್ಟು ಕಸರತ್ತು ಯಾಕೆ ಸ್ವಾಮಿ? ಚಕ್ಕೋತವೆಂದರೆ ಕೂಸಿನ ತಲೆಯಷ್ಟು ದಪ್ಪ. ಒಂದೇ ಕೈಯಲ್ಲಿ ಬೀಸಿದರೆ ಎದುರಿನವರ ಮೂಗು ಉಳಿಯದು ಎಂದು ಪ್ರಮೋದಾ ಆ ಕ್ರಮ ಮಾಡಿದ್ದಳು. ನಿಮ್ಮ ಪರಿಣತರು ಹಣ್ಣನ್ನು ಬಿಟ್ಟರು, ಅದರ ಭಾರವನ್ನು ಬಿಡಲು ಮರೆತರು. ಕಣ್ಣಾರೆ ನೋಡದೆ ಯಾರಾದರೂ ಹೀಗೆ ನಕಲು ಮಾಡಲಾದೀತೇ? ಫೋನಿನಲ್ಲಿ ಏನೂ ಇಲ್ಲದಿದ್ದರೆ ಅವರು ನೋಡಿದ್ದಾದರೂ ಏನನ್ನು?

ಅಕ್ಕನ ಹೆಸರು ಹಾಕಲೇಬೇಕೆಂದು ರಮ್ಯಶ್ರೀ ಹಟ ಹಿಡಿದಿದ್ದಾಳೆ. ಹಾಕಿ, ಅದು ನ್ಯಾಯವೇ. ಆದರೆ ನನಗೆ ಮೊದಲು ಬೇಕಾದದ್ದು ಆ ವಿಡಿಯೊ. ಮನೆಯಲ್ಲಿ ಅವಳದು ಮೆಲುದನಿ. ಶಾಲೆಯ ಅಂಗಳದಲ್ಲಿ ಅವಳು ಕೂಗಿದರೆ ಕೆರೆ ಏರಿಯವರೆಗೂ ಕೇಳುತ್ತಿತ್ತೆಂದು ಅಂಜಿನಮ್ಮನವರು ಹೇಳುತ್ತಾರೆ. ಆ ಹೊತ್ತಿಗೆ ನಾನು ದೊಡ್ಡಬಳ್ಳಾಪುರದ ಕಾರ್ಖಾನೆಯಲ್ಲಿರುತ್ತಿದ್ದೆ. ಹೆಂಡತಿಯ ಆ ದನಿಯನ್ನು ನಾನು ಒಮ್ಮೆಯೂ ಕೇಳಿಲ್ಲ.

ಇದೆ ಎಂದು ಒಪ್ಪಿದರೆ ಕಳವನ್ನೂ ಒಪ್ಪಿದಂತೆ ಎಂಬ ಅಂಜಿಕೆ ನಿಮಗಿರಬಹುದು. ಯಾರೂ ಏನೂ ಕದ್ದಿಲ್ಲ ಎಂದು ಬೇಕಾದರೆ ನಾನೇ ಬರೆದುಕೊಡುತ್ತೇನೆ. ನೀವು ಹೇಳಿದ್ದೇ ನಿಜವಾಗಿದ್ದು, ಅಂಥ ವಿಡಿಯೊ ಇಲ್ಲವೇ ಇಲ್ಲ ಎಂದಾದರೆ ನಿಮ್ಮ ಮೇಲೆ ತಪ್ಪಿಲ್ಲ. ನನಗೆ ಮಾತ್ರ ಏನೂ ಉಳಿಯುವುದಿಲ್ಲ. ಆದ್ದರಿಂದ ಪ್ರತಿ ಫೋನನ್ನೂ ಹುಡುಕಿಸಿ. ಸಿಕ್ಕಿದ್ದನ್ನು ಕಳಿಸಿಕೊಡಿ.

ಇಂತಿ,
ನೀವು ಕದ್ದಿರಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಿರುವ,
ಗೋವಿಂದರಾಜು,
ಪ್ರಮೋದಾಳ ಗಂಡ